ಸತ್ತ ರೂಪಾಯಿಯ ರೇಣಮ್ಮ

ಕೊಂಕಲ್‌ಗೆ ಹೋಗಿ ರೇಣಮ್ಮನ ಮನೆ ಎಲ್ಲಿ ಎಂದು ಕೇಳಿದರೆ ಆ ಕಾಲದಲ್ಲಿ ಜನ “ಯಾವ ರೇಣಮ್ಮ?” ಅನ್ನುತ್ತಿದ್ದರು. ಊರ ತುಂಬ ರೇಣಮ್ಮಂದಿರೇ. “ಸತ್ತ ರೂಪಾಯಿ ರೇಣಮ್ಮ” ಅಂದರೆ ಮಾತ್ರ ನಡೆಯಲು ಕಲಿತ ಕೂಸು ಕೂಡ ಊರ ಹೊರಗಿನ ಕುರಿದೊಡ್ಡಿಯ ಕಡೆ ಕೈ ತೋರಿಸುತ್ತಿತ್ತು. ಹೆಸರಿಟ್ಟವರಿಗೆ ಅದೊಂದು ತಮಾಷೆ. ತಮಾಷೆ ಮಾಡುವವರಿಗೆ ಕಾಸು ಖರ್ಚಿಲ್ಲ, ಕಾಲು ನೋಯುವುದಿಲ್ಲ. ಆ ಹೆಸರನ್ನು ಸಂಪಾದಿಸಲು ರೇಣಮ್ಮ ಮೂರು ವರ್ಷ ನಡೆದಿದ್ದಳು.

ಮದುವೆಯಾದಾಗ ಅವಳಿಗೆ ಹದಿನಾಲ್ಕು. ಗಂಡ ಹಣಮಂತ್ರಾಯ ಭೀಮಾ ನದಿ ದಾಟಿ, ಶಹಾಪುರವನ್ನೂ ದಾಟಿ ಹೋದರೆ ಸಿಗುವ ಹಳ್ಳಿಯ ಕುರಿಗಾರ. ಕುರುಬರಲ್ಲಿ ಆಗ ಹೆಣ್ಣಿಗೆ ತೆರ ಕೊಟ್ಟು ಮನೆ ತುಂಬಿಸಿಕೊಳ್ಳುವ ಪದ್ಧತಿ. ಸುಮ್ಮನೆ ಗಂಟು ಕೈಗಿಟ್ಟರೆ ಆಗುವುದಿಲ್ಲ. ಬೀರದೇವರ ಗುಡಿಯ ಮುಂದಿನ ಚಪ್ಪಡಿಗಲ್ಲಿನ ಮೇಲೆ ಹಿರಿಯರು ಒಂದೊಂದೇ ರೂಪಾಯಿ ಬೀಳಿಸಬೇಕು, ಅದು ಠಣ್ಣೆನ್ನಬೇಕು, ಸುತ್ತ ಕೂತವರೆಲ್ಲ ಕೇಳಬೇಕು, ಆಮೇಲೆ ಹೆಣ್ಣಿನ ಅಪ್ಪನ ಕಂಬಳಿಗೆ ಹಾಕಬೇಕು. ರೇಣಮ್ಮನ ತೆರ ನಲವತ್ತೆರಡು ರೂಪಾಯಿ. ನಿಜಾಮರ ಟಂಕಸಾಲೆಯಲ್ಲಿ ಅಚ್ಚಾದ, ಚಾರ್ಮಿನಾರ್ ಚಿತ್ರದ ಹಾಲಿ ಸಿಕ್ಕಾ, ಅಪ್ಪಟ ಹಳೆಯ ಬೆಳ್ಳಿ. ಗುಡಿಯ ಹಿಂದೆ ಹೆಂಗಸರ ನಡುವೆ ಮುಸುಕು ಹಾಕಿ ಕೂತಿದ್ದ ಹುಡುಗಿ ಆ ನಲವತ್ತೆರಡು ಸದ್ದನ್ನೂ ಬೆರಳು ಮಡಚಿ ಎಣಿಸಿದ್ದಳು. ತನ್ನ ಬೆಲೆ ಇಷ್ಟೊಂದು ಹೊತ್ತು ಮೊಳಗುತ್ತದೆಂದು ಅವಳಿಗೆ ಹೆಮ್ಮೆಯಾಗಿತ್ತು. ಹದಿನಾಲ್ಕರ ಬುದ್ಧಿ ಅಷ್ಟೇ ತಾನೇ.

ಹನ್ನೆರಡು ವರ್ಷ ಬಾಳ್ವೆ ಮಾಡಿದಳು. ನಿಜಾಮರ ರಾಜ್ಯ ಮುಗಿಯುವ ಮುಂಚಿನ ಗಲಾಟೆಯಲ್ಲಿ ಹಣಮಂತ್ರಾಯ ಮಂದೆ ಹೊಡೆದುಕೊಂಡು ಕೃಷ್ಣೆಯ ಆಚೆಗೆ ಹೋದ. ಈಚೆ ದಿಲ್ಲಿಯ ಪಲ್ಟನ್ನು ಬಂತು, ಬಾವುಟ ಬದಲಾಯಿತು, ಹಳ್ಳಿಗಳು ಮತ್ತೆ ಉಸಿರಾಡಿದವು. ಎಂಟು ತಿಂಗಳಾದ ಮೇಲೆ ಅವನು ಮಂದೆಯೊಡನೆ ತಿರುಗಿ ಬಂದಾಗ ಮಂದೆಯ ಹಿಂದೆ ಒಬ್ಬ ಹೆಂಗಸು ನಡೆದು ಬಂದಳು, ಹೊಟ್ಟೆ ಮುಂದಿತ್ತು. “ಇದ್ರ ಇರು, ಹೋದ್ರ ಹೋಗು” ಅಂದ ಹಣಮಂತ್ರಾಯ. ಸಿಟ್ಟಿನಿಂದ ಅಂದಿದ್ದರೆ ರೇಣಮ್ಮ ಇರುತ್ತಿದ್ದಳೇನೋ. ಅವನು ಕುರಿಯ ಕಾಲಿನ ಮುಳ್ಳು ತೆಗೆಯುತ್ತ, ತಲೆ ಎತ್ತದೆ ಅಂದಿದ್ದ. ಅವಳು ಉಣ್ಣೆ ನೂಲುವ ಕದರು, ಎರಡು ಸೀರೆ ಗಂಟು ಕಟ್ಟಿಕೊಂಡು ತವರಿಗೆ ಬಂದಳು.

ಕೊಂಕಲ್‌ನಲ್ಲಿ ಅಪ್ಪ ಇರಲಿಲ್ಲ. ಅಣ್ಣ ಬೀರಣ್ಣ ಒಳ್ಳೆಯವನೇ. ಆದರೆ ಒಳ್ಳೆಯತನಕ್ಕೆ ಹೆಂಡತಿಯ ಅಪ್ಪಣೆ ಬೇಕಾಗುವ ಜಾತಿಯ ಒಳ್ಳೆಯವನು. ದೊಡ್ಡಿಯ ಪಕ್ಕ ಒಂದು ಗುಡಿಸಲು ಹಾಕಿಕೊಟ್ಟ. ರೇಣಮ್ಮ ಕಂಬಳಿ ನೇಯುವವರಿಗೆ ಉಣ್ಣೆ ನೂತು ಕೊಡತೊಡಗಿದಳು. ಬೆಳಿಗ್ಗೆ ಕದರು ಹಿಡಿದರೆ ಬೆಳಕು ಹೋಗುವತನಕ ಅದು ತಿರುಗುತ್ತಿತ್ತು. ಅವಳ ಜೊತೆ ಮಾತಾಡುವುದಕ್ಕೆ ಕುರಿಗಳಿದ್ದವು, ಅವೂ ಬೆಳಗಾದರೆ ಮೇಯಲು ಹೋಗಿಬಿಡುತ್ತಿದ್ದವು.

ಅವಳು ಈಗ ಯಾವ ಮನೆಯವಳು? ತವರಿನಲ್ಲಿ ಕೊಟ್ಟ ಹೆಣ್ಣು, ಗಂಡನ ಊರಿನಲ್ಲಿ ಬಿಟ್ಟುಹೋದ ಹೆಣ್ಣು. ಹಬ್ಬದ ದಿನ ಆರತಿಗೆ ಮುತ್ತೈದೆಯರನ್ನು ಕರೆಯುವಾಗ ಅವಳ ಬಾಗಿಲಲ್ಲಿ ಜನ ಒಂದು ಗಳಿಗೆ ನಿಂತು, ಕರೆಯಬೇಕೋ ಬೇಡವೋ ಎಂದು ತಿಳಿಯದೆ ಮುಂದೆ ಹೋಗುತ್ತಿದ್ದರು. ಇದನ್ನು ಬಗೆಹರಿಸುವ ದಾರಿ ಒಂದೇ. ತೆರ ತಿರುಗಿಸಿ ಕೊಟ್ಟು, ಗಂಡನ ಊರ ಹಿರಿಯರ ಮುಂದೆ ಸೋಡಚೀಟಿ ಪಡೆಯುವುದು. ಅದೊಂದು ಕಾಗದ ಕೈಗೆ ಬಂದರೆ ಹೆಣ್ಣು ಬಿಡುಗಡೆ, ಬೇಕಾದರೆ ಇನ್ನೊಬ್ಬನ ಜೊತೆ ಉಡಿಕಿಯಾಗಿ ಮನೆ ಕಟ್ಟಬಹುದು.

ಮನೆ ಕಟ್ಟುವ ಆಸೆ ಹುಟ್ಟಿದ್ದು ಎರಡು ವರ್ಷದ ನಂತರ. ಬಳಿಚಕ್ರದ ಸಾಬಣ್ಣ ಎಂಬ ಕುರಿಗಾರ ಬೇಸಿಗೆಯಲ್ಲಿ ಕೊಂಕಲ್‌ನ ಹೊಲಗಳಲ್ಲಿ ಗೊಬ್ಬರಕ್ಕಾಗಿ ಮಂದೆ ನಿಲ್ಲಿಸಲು ಬರುತ್ತಿದ್ದ. ಹೆಂಡತಿ ತೀರಿಹೋಗಿದ್ದಳು, ಆರು ವರ್ಷದ ಮಗಳಿದ್ದಳು. ಮಾತು ಕಮ್ಮಿ. ಉಣ್ಣೆ ಕೊಡಲು ಬಂದವನು ಗುಡಿಸಲ ಮುಂದೆ ಕೂತು, ಮಗಳ ತಲೆಯ ಸಿಕ್ಕು ಬಿಡಿಸಿ ಕೊಡೆಂದು ರೇಣಮ್ಮನನ್ನು ಕೇಳಿದ. ಅವಳು ಬಿಡಿಸಿ, ಎಣ್ಣೆ ಹಚ್ಚಿ, ಹೆರಳು ಹಾಕಿ ಕಳಿಸಿದಳು. ಮೂರನೇ ಬಾರಿ ಬಂದಾಗ ಅವನು ನೆಲ ನೋಡುತ್ತ ಅಂದ:

“ನಿನ್ನ ತೆರ ನಾನೇ ಕಟ್ತೀನಿ. ಹತ್ತು ಟಗರು ಮಾರಿದ್ರ ಆಗ್ತದ.”

ರೇಣಮ್ಮ ತಿರುಗುತ್ತಿದ್ದ ಕದರು ಹಿಡಿದು ನಿಲ್ಲಿಸಿದಳು. ಹೂಂ ಅಂದಿದ್ದರೆ ಕಥೆ ಅಲ್ಲೇ ಸುಖವಾಗಿ ಮುಗಿಯುತ್ತಿತ್ತು. ಅವಳು ಹೂಂ ಅನ್ನಲಿಲ್ಲ.

“ಒಬ್ಬನ ಕೈಯಿಂದ ಇನ್ನೊಬ್ಬನ ಕೈಗಿ ಸಂತ್ಯಾಗ ಕುರಿ ದಾಟಸಿದಂಗ ನಾ ಬರಾಂಗಿಲ್ಲ. ನನ್ನ ತೆರ ನಾ ಕಟ್ತೀನಿ. ಆಮ್ಯಾಲ ನನ್ನ ಕಾಲಿಲೇ ನಡ್ಕೋತ ನಿನ್ನ ಮನಿಗಿ ಬರ್ತೀನಿ. ಕಾಯ್ತೀಯೇನು?”

“ಕಾಯ್ತೀನಿ,” ಅಂದ ಸಾಬಣ್ಣ.

ಇದು ಹಟ ಅನ್ನುವವರು ಅನ್ನಲಿ. ಹೌದು, ಹಟವೇ. ಹನ್ನೆರಡು ವರ್ಷದ ಬಾಳ್ವೆಯನ್ನು ಕುರಿಯ ಕಾಲಿನ ಮುಳ್ಳಿನ ಜೊತೆ ಕಿತ್ತೆಸೆದ ಮೇಲೆ ಹೆಣ್ಣಿನ ಹತ್ತಿರ ಇನ್ನೇನು ಉಳಿದಿರುತ್ತದೆ?

ನೂತ ಉಣ್ಣೆಯ ದುಡ್ಡಿನಲ್ಲಿ ಜೋಳ ಉಪ್ಪಿನ ಖರ್ಚು ಕಳೆದು ಉಳಿದದ್ದನ್ನು ಅವಳು ಬೆಳ್ಳಿಯ ರೂಪಾಯಿ ಮಾಡಿ ಗುಡಿಸಲಿನ ಮೂಲೆಯ ಗಡಿಗೆಗೆ ಹಾಕುತ್ತ ಬಂದಳು. ತವರಿಗೆ ಬಂದು ನಾಲ್ಕು ವರ್ಷ ತುಂಬುವಾಗ ನಲವತ್ತೆರಡಾಯಿತು. ಅದೇ ಹೊತ್ತಿಗೆ ಊರಲ್ಲಿ ಡಂಗುರ ಸಾರಿದರು: ಹಾಲಿ ಸಿಕ್ಕಾ ಇನ್ನು ನಡೆಯುವುದಿಲ್ಲ, ಖಜಾನೆಗೆ ಕೊಟ್ಟು ಹೊಸ ದುಡ್ಡು ತೆಗೆದುಕೊಳ್ಳಿ.

ಊರೇ ದಿಗಿಲುಗೊಂಡಿತು. “ನಾಳಿಂದ ಅವು ಬರೇ ಬಿಲ್ಲಿ, ಆಡೋ ಹುಡುಗ್ರೂ ಮುಟ್ಟಾಂಗಿಲ್ಲ. ಲಗೂನ ಬದಲ್ ಮಾಡ್ಕೊ,” ಅಂದ ಬೀರಣ್ಣ. ರೇಣಮ್ಮ ಗಂಟು ಕಟ್ಟಿಕೊಂಡು ಯಾದಗಿರಿಗೆ ನಡೆದಳು. ಖಜಾನೆಯ ಮುಂದೆ ಒಂದು ದಿನವಿಡೀ ಬಿಸಿಲಲ್ಲಿ ನಿಂತಳು. ಏಳು ಹಾಲಿಗೆ ದಿಲ್ಲಿ ಸರ್ಕಾರದ ಆರು ಕಲ್ದಾರ ರೂಪಾಯಿ ಎಂಬುದು ಲೆಕ್ಕ, ಅದರಲ್ಲಿ ಮೋಸವೇನೂ ಇರಲಿಲ್ಲ. ನಲವತ್ತೆರಡು ಕೊಟ್ಟಳು, ಒಂದೊಂದು ರೂಪಾಯಿಯ ಮೂವತ್ತಾರು ನೋಟು ಕೈಗೆ ಬಂದವು. ಗರಿಗರಿ ನೋಟು, ಮೇಲೆ ಸಿಂಹ. ಹಳೆಯ ರಾಜ್ಯದ ಗಂಟನ್ನು ಹೊಸ ರಾಜ್ಯದ ಹಣದಿಂದ ಬಿಚ್ಚುತ್ತೇನೆಂದು ಅವಳಿಗೆ ಒಳಗೊಳಗೇ ಖುಷಿ. ಎಲ್ಲರೂ ಮಾಡಿದ್ದನ್ನೇ ಅವಳೂ ಮಾಡಿದ್ದಳು. ಆದರೆ ಎಲ್ಲರಿಗೂ ಆ ದುಡ್ಡು ಸಂತೆಗೆ ಬೇಕಾಗಿತ್ತು, ಅವಳೊಬ್ಬಳಿಗೇ ಕಲ್ಲಿಗೆ ಬೇಕಾಗಿತ್ತು.

ಗಂಡನ ಊರಲ್ಲಿ ಹಿರಿಯರು ಗುಡಿಯ ಕಟ್ಟೆಯ ಮೇಲೆ ಕೂತರು. ನಡುವೆ ಹಿರಿಯ ಮಾಳಪ್ಪ, ಆಚೆ ಹಣಮಂತ್ರಾಯ, ಈಚೆ ಬೀರಣ್ಣನ ಜೊತೆ ರೇಣಮ್ಮ. ಅವಳು ನೋಟುಗಳನ್ನು ಕಂಬಳಿಯ ಮೇಲಿಟ್ಟಳು.

“ಎಷ್ಟದಾವ ಯವ್ವಾ?” ಮಾಳಪ್ಪ ಕೇಳಿದ.

“ಮೂವತ್ತಾರ್ರಿ.”

“ನಿಮ್ಮಪ್ಪಗ ನಾನೇ ಎಣಿಸಿ ಕೊಟ್ಟೀನಿ. ನಲವತ್ತೆರಡು.”

“ಏಳಕ್ಕ ಆರು ಅಂತ ಖಜಾನಿ ಲೆಕ್ಕರಿ. ಮೂವತ್ತಾರು ಅಂದ್ರ ಅವೇ ನಲವತ್ತೆರಡು.”

ಕಟ್ಟೆಯ ಮೇಲೆ ನಗು ಎದ್ದಿತು. ಮೂವತ್ತಾರು ನಲವತ್ತೆರಡು ಹೇಗಾಗುತ್ತದೆ? ಮಾಳಪ್ಪ ನಗಲಿಲ್ಲ. ಒಂದು ನೋಟು ಎತ್ತಿ ಚಪ್ಪಡಿಯ ಮೇಲೆ ಬಿಟ್ಟ. ಅದು ಗಾಳಿಗೆ ಅತ್ತಿತ್ತ ಆಡಿ, ಸದ್ದಿಲ್ಲದೆ ಬಿತ್ತು.

“ಕೇಳಿಸ್ತೇನ್ರಪ್ಪಾ ಯಾರಿಗಾದ್ರೂ?” ಅಂದ ಅವನು. “ಇದು ಖೋಟಾ ಅನ್ನಾಂಗಿಲ್ಲ ನಾ. ಸರ್ಕಾರದ್ದು, ನಡೀತದ. ಆದ್ರ ಬೆಳ್ಳಿ ಬಡದು ತಂದ ಹೆಣ್ಣಿಗಿ ಬೆಳ್ಳಿ ಬಡದೇ ಬಿಡಬೇಕು.”

“ನಡೀಲಾರದ ರೊಕ್ಕ ತಗೊಂಡು ಏನ್ ಮಾಡ್ತೀರ್ರಿ?” ರೇಣಮ್ಮ ಕೇಳಿದಳು.

ಅದಕ್ಕೆ ಉತ್ತರ ಕೊಟ್ಟದ್ದು ಹಣಮಂತ್ರಾಯ. “ನನಗ ನನ್ನ ನಲವತ್ತೆರಡು ಹಾಲೀನೇ ಬೇಕು. ತಂದಾಗ ಬಿಡ್ತೀನಿ.” ಅವನಿಗೆ ಅವಳು ಬೇಕಾಗಿರಲಿಲ್ಲ. ಬಳಿಚಕ್ರದ ಸುದ್ದಿ ಅವನ ಕಿವಿಗೆ ಬಿದ್ದಿತ್ತು, ತನಗೆ ಬೇಡವಾದದ್ದು ಇನ್ನೊಬ್ಬನಿಗೆ ಬೇಕಾಯಿತೆಂಬುದೇ ಅವನ ಹೊಟ್ಟೆಯುರಿ. ಊರೂರಿನ ಬೆಳ್ಳಿಯೆಲ್ಲ ಖಜಾನೆ ಸೇರುತ್ತಿದೆ, ಇವಳಿಗೆಲ್ಲಿ ಸಿಗುತ್ತದೆ ಎಂದು ಅವನು ನೆಮ್ಮದಿಯಾಗಿ ಎಲೆ ಅಡಿಕೆ ಹಾಕಿಕೊಂಡ.

ಅಂದು ಅವಳು ಅಣ್ಣನ ಜೊತೆ ಮರಳಲಿಲ್ಲ. ಎತ್ತ ಹೋಗಬೇಕೆಂದು ತೋಚದೆ ಸುರಪುರದ ದಾರಿ ಹಿಡಿದಳು. ದಾರಿಯಲ್ಲಿ ಜೊತೆಯಾದವಳು ಬಳೆ ಮಾರುವ ಚಾಂದಬೀ, ಅರವತ್ತರ ಹೆಂಗಸು, ಒಬ್ಬಂಟಿ. ಎಲ್ಲ ಕೇಳಿಸಿಕೊಂಡು ಆಕೆ ಬಳೆಯ ಬುಟ್ಟಿ ಇಳಿಸಿದಳು.

“ಹುಚ್ಚಿ ಇದ್ದೀ ನೋಡು. ಹಾಲಿ ಎಲ್ಲಾ ಖಜಾನಿಗಿ ಹೋಗ್ಯಾವಂತ ಯಾರ್ ಹೇಳ್ಯಾರ? ಗಂಡಸ್ರವು ಹೋಗ್ಯಾವ, ಹೆಂಗಸ್ರ ಹಾಲಿ ಇನ್ನಾ ಮಡಕ್ಯಾಗೇ ಅದ. ಗಂಡಗ ಗೊತ್ತಾಗ್ತದಂತ ಹೊರಗ ತೆಗ್ಯಾಂಗಿಲ್ಲ ಅವ್ರು. ನೀ ಬಾಗಿಲಿಗಿ ಹೋಗಿ ಒಂದಕ್ಕೊಂದು ನೋಟು ಕೊಡು, ದುವಾ ಮಾಡಿ ಕೊಡ್ತಾರ.”

ಹಾಗೆ ಶುರುವಾಯಿತು. ರೇಣಮ್ಮ ಬಗಲಲ್ಲಿ ಉಣ್ಣೆ, ಕೈಯಲ್ಲಿ ಕದರು ಹಿಡಿದು, ಹೊಟ್ಟೆಪಾಡಿಗೂ ಕಡಿಮೆ ಬಿದ್ದ ಆರು ನೋಟಿಗೂ ನೂಲುತ್ತಲೇ ಊರೂರು ನಡೆದಳು. ಗಂಡಸರು ಹೊಲಕ್ಕೆ ಹೋದ ಹೊತ್ತು ನೋಡಿ ಹಿತ್ತಲ ಬಾಗಿಲಲ್ಲಿ ನಿಂತು, “ಸತ್ತ ರೂಪಾಯಿ ಅದಾವೇನ್ರಿ ಯವ್ವಾ?” ಅನ್ನುತ್ತಿದ್ದಳು. ಖಜಾನೆಗಿಂತ ಹೆಚ್ಚು ಕೊಡುವ ಹುಚ್ಚಿ ಬಂದಿದ್ದಾಳೆಂದು ಹೆಂಗಸರು ಹಿಟ್ಟಿನ ಡಬ್ಬಿಯಿಂದ, ಒಲೆಯ ಹಿಂದಿನ ಬಿಲದಿಂದ ಒಂದೊ ಎರಡೊ ತೆಗೆದು ಕೊಡುತ್ತಿದ್ದರು. ಅವಳು ಹೊಸ್ತಿಲ ಕಲ್ಲಿನ ಮೇಲೆ ಬೀಳಿಸಿ ಕೇಳುತ್ತಿದ್ದಳು. ಯುದ್ಧದ ಕಾಲದಲ್ಲಿ ಅಚ್ಚಾದವುಗಳಲ್ಲಿ ಬೆಳ್ಳಿ ಕಡಿಮೆ, ದನಿ ಕಟ್ಟಿದ ಗಂಟಲಿನದು. ಮಾಳಪ್ಪನ ಕಿವಿ ಅವನ್ನು ಒಪ್ಪುವುದಿಲ್ಲ. ಅವನ್ನು ಬೇಡವೆಂದು ತಿರುಗಿ ಕೊಟ್ಟರೆ ಬೈಗಳ ತಿನ್ನಬೇಕು. ಕೆಲವರು ಮಾಲೆಯಿಂದ ಬಿಚ್ಚಿದ ಕೊಂಡಿ ಹಚ್ಚಿದ ರೂಪಾಯಿ ತರುತ್ತಿದ್ದರು, ಅವೂ ಬೇಡ. ಊರೂರು ತಿರುಗುವ ಸರಾಫರು ಇವಳಿಗಿಂತ ಹೆಚ್ಚು ಕೊಟ್ಟು, ಬೆಳ್ಳಿಯ ಬೆಲೆಗೇ ಕೊಳ್ಳುತ್ತಿದ್ದರು. ಅವರು ಮುಂಚೆ ಬಂದುಹೋದ ಊರಲ್ಲಿ ಇವಳಿಗೆ ನೀರೂ ಹುಟ್ಟುತ್ತಿರಲಿಲ್ಲ.

ಮೊದಲ ವರ್ಷ ಹದಿನೇಳು ಸಿಕ್ಕವು. ಎರಡನೆಯ ವರ್ಷ ಹನ್ನೆರಡು. ಕೊಡೇಕಲ್‌ಗೆ ಬರುವ ಯಾತ್ರೆಯ ಜನರ ನಡುವೆ ಎರಡು ತಿಂಗಳು ಕೂತು ಮೂರನೆಯ ವರ್ಷ ನಾಲ್ಕು, ಸುತ್ತಲಿನ ಹಳ್ಳಿಗಳಲ್ಲಿ ಇನ್ನೂ ನಾಲ್ಕು. ಗುಡಿಯ ಪಡಸಾಲೆಯಲ್ಲಿ ಮಲಗಿದವಳ ಅತ್ತ ಇತ್ತ ಸಂಸಾರಗಳು ಬುತ್ತಿ ಬಿಚ್ಚಿ ಉಣ್ಣುತ್ತಿದ್ದವು. “ಯಾರ ಪೈಕಿ ನೀನು?” ಎಂದು ಯಾರಾದರೂ ಕೇಳಿದರೆ ಅವಳು ಮಗ್ಗುಲು ಬದಲಿಸುತ್ತಿದ್ದಳು. ಎಷ್ಟು ಜನ ಕೇಳಿದರೂ ಆ ಪ್ರಶ್ನೆ ಹಳತಾಗಲಿಲ್ಲ, ಪ್ರತಿ ಸಲವೂ ಹೊಸದಾಗಿಯೇ ನೋಯುತ್ತಿತ್ತು.

ಸಾಬಣ್ಣ ಬೇಸಿಗೆಯಲ್ಲಿ ಕೊಂಕಲ್‌ಗೆ ಬಂದರೆ ಗುಡಿಸಲಿಗೆ ಬೀಗ. ಮೊದಲ ವರ್ಷ ಎರಡು ದಿನ ಕಾದು ಹೋದ. ಎರಡನೆಯ ವರ್ಷ ಸಿಕ್ಕಳು.

“ಎಷ್ಟಾದ್ವು?” ಅಂದ.

“ಇಪ್ಪತ್ತೊಂಬತ್ತು.”

“ಹುಡುಗಿ ದೊಡ್ಡಾಕಿ ಆಗಾಕತ್ಯಾಳ, ರೇಣಮ್ಮ. ಮನ್ಯಾಗ ಹೆಣ್ಣು ದಿಕ್ಕಿಲ್ಲ. ಉಳದದ್ದು ನಾ ಹಾಕ್ತೀನಿ, ಮುಗಸಿ ಬಿಡು.”

“ಇನ್ನ ಹದಿಮೂರೇ. ಇಷ್ಟು ದಿನ ಕಾದೀ, ಇನ್ನೊಂದು ವರ್ಷ.”

ಅವನು ಏನೂ ಅನ್ನಲಿಲ್ಲ. ಅವಳು ಅದನ್ನು ಒಪ್ಪಿಗೆ ಅಂದುಕೊಂಡಳು. ಮಾತು ಕಮ್ಮಿಯ ಗಂಡಸರ ಮೌನಕ್ಕೆ ನಮಗೆ ಬೇಕಾದ ಅರ್ಥ ಹಚ್ಚಿಕೊಳ್ಳುವುದು ಬಹಳ ಸುಲಭ.

ಮೂರನೆಯ ವರ್ಷ, ನಮ್ಮ ಸೀಮೆ ಹೈದರಾಬಾದು ಬಿಟ್ಟು ಮೈಸೂರಿನ ಜೊತೆ ಒಂದಾಗುತ್ತದಂತೆ ಎಂಬ ಮಾತು ಚಹದಂಗಡಿಗಳಲ್ಲಿ ನಡೆಯುತ್ತಿದ್ದಾಗ, ಅವಳ ಗಡಿಗೆಯಲ್ಲಿ ಮೂವತ್ತೇಳಿದ್ದವು. ಇನ್ನು ಐದು. ಬಳಿಚಕ್ರದಿಂದ ಎರಡು ಹರದಾರಿ ಆಚೆಯ ಒಂದು ಹಟ್ಟಿಗೆ ಹೋದಳು. ಶೇಖಮ್ಮ ಎಂಬ ಮುದುಕಿ ಹೊಸ್ತಿಲಲ್ಲಿ ಜೋಳ ಕೇರುತ್ತಿದ್ದಳು.

“ಬಾ ತಂಗಿ, ನಿನ್ನ ದಾರೀನೇ ನೋಡಾಕತ್ತಿದ್ದೆ,” ಅಂದು ಒಳಗೆ ಹೋಗಿ ಸೆರಗಿನಲ್ಲಿ ಹನ್ನೊಂದು ರೂಪಾಯಿ ತಂದು ಸುರಿದಳು. “ಮೊನ್ನೆ ಬಂದಾವ. ಅಂಗಡ್ಯಾವ ಮೂಸಿ ನೋಡಾಂಗಿಲ್ಲ ಅಂದ. ಎಲ್ಲಾ ತಗೋ.”

ರೇಣಮ್ಮ ಒಂದನ್ನು ಕಲ್ಲಿಗೆ ಬಿಟ್ಟಳು. ಠಣ್. ಇನ್ನೊಂದು. ಠಣ್. ಮೂರು ವರ್ಷದಲ್ಲಿ ಇಷ್ಟು ತಿಳಿಯಾದ ದನಿ ಅವಳು ಕೇಳಿರಲಿಲ್ಲ. ಯಾರೋ ಬಹಳ ಜತನದಿಂದ ಆರಿಸಿ ಇಟ್ಟ ರೂಪಾಯಿಗಳು. ಅವಳ ಮುಖ ಅರಳಿತು.

“ಎಲ್ಲಿಂದ ಬಂದ್ವು ಯವ್ವಾ ಇಂಥಾವು?”

“ನಮ್ಮ ಹುಡುಗೀ ತೆರದ್ದವ್ವಾ. ಗಂಡ ಸತ್ತು ಮನ್ಯಾಗಿದ್ಳಲ್ಲ, ಉಡಿಕಿ ಮಾಡಿ ಕೊಟ್ಟೆ. ಬಳಿಚಕ್ರದಾವ, ಸಾಬಣ್ಣಂತ. ಬಾಳ ಒಳ್ಳೆಯಾವ. ಯಾರಿಗೋ ಅಂತ ನಾಲ್ಕೈದು ವರ್ಷದಿಂದ ಆರಿಸಿ ಇಟ್ಟಿದ್ನಂತ. ಆಕಿ ಬರಲೇ ಇಲ್ಲಂತ.”

ರೇಣಮ್ಮ ಹೊಸ್ತಿಲ ಮೇಲೆ ಕೂತುಬಿಟ್ಟಳು. ಕದರು ಕೈಯಿಂದ ಜಾರಿ ಅಂಗಳದಲ್ಲಿ ಉರುಳಿತು. ಮುದುಕಿ ಬಿಸಿಲು ಹತ್ತಿರಬೇಕೆಂದು ನೀರು ತಂದುಕೊಟ್ಟಳು. ಅವಳು ಕುಡಿದಳು. ಎದ್ದು ಹೋಗಿಬಿಡಬೇಕು ಅನ್ನಿಸಿತು, ಹನ್ನೊಂದನ್ನೂ ಬಾವಿಗೆ ಎಸೆಯಬೇಕು ಅನ್ನಿಸಿತು, ಮುದುಕಿಯನ್ನು ತಬ್ಬಿ ಅಳಬೇಕು ಅನ್ನಿಸಿತು. ಕೊನೆಗೆ ಸೆರಗಿನ ಗಂಟು ಬಿಚ್ಚಿ ಐದು ನೋಟು ತೆಗೆದು, ಐದು ರೂಪಾಯಿ ಆರಿಸಿಕೊಂಡಳು.

“ಎಲ್ಲಾ ತಗೋ ಅಂದೆನಲ್ಲ?”

“ಐದೇ ಸಾಕ್ರಿ ನನಗ.” ಎರಡು ಹೆಜ್ಜೆ ಹೋಗಿ ತಿರುಗಿ ನಿಂತಳು. “ಆ ಸಣ್ಣ ಹುಡುಗಿ ಕೂದಲಾ ಬಾಳ ಸಿಕ್ಕು ಬೀಳ್ತಾವ. ಎಣ್ಣಿ ಹಚ್ಚೇ ಬಾಚಬೇಕಂತ ನಿಮ್ಮ ಮಗಳಿಗಿ ಹೇಳ್ರಿ.”

ಶೇಖಮ್ಮನಿಗೆ ಏನು ಅರ್ಥವಾಯಿತೋ, ಮೊರ ಕೆಳಗಿಟ್ಟು ನೋಡುತ್ತಲೇ ನಿಂತಳು.

ಇನ್ನು ಸೋಡಚೀಟಿ ಯಾತಕ್ಕೆ ಎಂದು ಬೀರಣ್ಣ ಕೇಳಿದ. ಅವಳಿಗೂ ಸರಿಯಾಗಿ ತಿಳಿಯದು. ಐದು ವರ್ಷ ಒಂದೇ ದಿಕ್ಕಿಗೆ ನಡೆದ ಕಾಲಿಗೆ ಬೇರೆ ದಿಕ್ಕು ಗೊತ್ತಿರಲಿಲ್ಲ. ಮತ್ತೆ ಭೀಮೆ ದಾಟಿದಳು, ಈ ಸಲ ಒಬ್ಬಳೇ.

ಮಾಳಪ್ಪನಿಗೆ ಕಣ್ಣು ಮಂದವಾಗಿತ್ತು, ಕಿವಿ ಹಾಗೇ ಇತ್ತು. ಒಂದೊಂದೇ ರೂಪಾಯಿ ಚಪ್ಪಡಿಯ ಮೇಲೆ ಬೀಳಿಸಿದ. ಒಂದನ್ನೂ ಬೇಡವೆನ್ನಲಿಲ್ಲ. ಕೊನೆಯ ಐದು ಬಿದ್ದಾಗ, “ಆಹಾ, ಎಂಥಾ ದನಿ,” ಅಂದ. ನಲವತ್ತೆರಡಾಯಿತು. ಹಣಮಂತ್ರಾಯ ಅರೆನರೆತ ತಲೆ ಬಗ್ಗಿಸಿ ಬೆಳ್ಳಿಯನ್ನು ಕಂಬಳಿಗೆ ಎಳೆದುಕೊಂಡ. ಚೀಟಿ ಬರೆದು ಹೆಬ್ಬೆಟ್ಟು ಒತ್ತಿಸಿದರು.

“ಇನ್ನೊಂದು ಉಳದದ ಯವ್ವಾ,” ಅಂದ ಮಾಳಪ್ಪ. “ಅವನ ಹೆಸ್ರು ಹಿಡದು ಕರಿ.”

ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ತರುವಂತಿಲ್ಲ. ಆದ್ದರಿಂದ ಬಿಡುಗಡೆಯಾದವಳು ಎಲ್ಲರ ಮುಂದೆ, ಪರ ಗಂಡಸನ್ನು ಕರೆದ ಹಾಗೆ, ಅವನ ಹೆಸರು ಕೂಗಬೇಕು. ಅವನು ಓಗೊಡಬೇಕು. ಅಲ್ಲಿಗೆ ಎಲ್ಲ ಹರಿದಂತೆ.

ರೇಣಮ್ಮನ ಬಾಯಿ ತೆರೆಯಿತು, ದನಿ ಬರಲಿಲ್ಲ. ಹತ್ತೊಂಬತ್ತು ವರ್ಷದಿಂದ ನಾಲಿಗೆಗೆ ಆ ದಾರಿ ಗೊತ್ತಿರಲಿಲ್ಲ. ಇನ್ನೊಮ್ಮೆ ಬಾಯಿ ತೆರೆದು ಕೂಗಿದಳು: “ಹಣಮಂತ್ರಾಯ!”

“ಓ,” ಅಂದ ಅವನು, ಹೊಲದಲ್ಲಿ ಯಾರೋ ಕರೆದರೆ ಅನ್ನುವ ಹಾಗೆ.

“ಮುಗೀತು. ಮುಂದ ಯಾರ ಮನಿಗಿ ಹೋಗಾಕಿ ನೀನು?”

“ಕೊಂಕಲ್‌ಗ್ರಿ,” ಅಂದಳು. ಮಾಳಪ್ಪ ಕೇಳಿದ್ದು ಊರಲ್ಲ. ಆದರೆ ಅವನು ಮತ್ತೆ ಕೇಳಲಿಲ್ಲ.

ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಭೀಮೆಯ ಮರಳಿಗೆ ಬಂದಳು. ದೋಣಿ ಆಚೆ ದಡದಲ್ಲಿತ್ತು, ಬರುವತನಕ ಕೂರಬೇಕು. ಸುತ್ತ ಒಂದು ನರಪಿಳ್ಳೆಯಿಲ್ಲ. ಸೋಡಚೀಟಿ ರವಿಕೆಯೊಳಗೆ ಬೆವರಿಗೆ ಮೆತ್ತಗಾಗಿತ್ತು. ಐದು ವರ್ಷದಿಂದ ಅವಳು ಇನ್ನೊಂದು ಹೆಸರನ್ನೂ ಬಾಯಿಬಿಟ್ಟು ಹೇಳಿರಲಿಲ್ಲ. ಎದುರಿಗೆ ಕೂತವನನ್ನೂ ಹೆಸರು ಹಿಡಿದು ಕರೆದಿರಲಿಲ್ಲ, ಚಾಂದಬೀಯ ಹತ್ತಿರವೂ ‘ಬಳಿಚಕ್ರದಾವ’ ಅಂತಲೇ ಅಂದಿದ್ದಳು. ಮುಂದೆ ಗಂಡನ ಹೆಸರಾಗಿ ಹೇಳಬಾರದಾಗುವ ಹೆಸರೆಂದು, ಯಾರೂ ಹೇಳದೆಯೇ, ಮೊದಲಿನಿಂದಲೇ ರೂಢಿ ಮಾಡಿಕೊಂಡಿದ್ದಳು.

“ಸಾಬಣ್ಣ,” ಅಂದಳು ನೀರಿನ ಕಡೆ ನೋಡಿ.

ನಾಲಿಗೆ ತಡೆಯಲಿಲ್ಲ, ತಪ್ಪು ಮಾಡಿದೆನೆಂದು ಎದೆ ಹೊಡೆದುಕೊಳ್ಳಲಿಲ್ಲ. ಇನ್ನೊಮ್ಮೆ ಜೋರಾಗಿ ಅಂದಳು. ಅಂದರೂ ಏನೂ ಆಗಲಿಲ್ಲ. ಈ ಲೋಕದಲ್ಲಿ ಅವಳು ಹೇಳಬಾರದ ಹೆಸರು ಇನ್ನು ಒಂದೂ ಉಳಿದಿರಲಿಲ್ಲ.